ಉಲ್ಟಾ ಕಾಲುಚೀಲ

ಜನವರಿ 6, 2025, ಸೋಮವಾರ. ರಾಯದುರ್ಗ

ದಾರದ ಕಂಪನಿಯವರು ವರ್ಷಾ ವರ್ಷಾ ಕೊಡುವ ಡೈರಿಯಿಂದ ಈವರೆಗೆ ಒಂದೇ ಉಪಯೋಗವಿತ್ತು. ಕಟಿಂಗ್ ಟೇಬಲ್ಲಿನ ಕುಂಟು ಕಾಲಿನ ಕೆಳಗೆ ಇಡುತ್ತಿದ್ದೆ. ಈ ವರ್ಷ ನನ್ನ ಕಾಲಿಗೇ ಬೇಕಾಯಿತು.

ಇವತ್ತು ಡಾಕ್ಟರಮ್ಮ ಕಣ್ಣು ಮುಚ್ಚಿಸಿ, ಗಾಳದ ದಾರದಂಥ ಒಂದು ಎಳೆ ಹಿಡಿದು, ಪಾದಕ್ಕೆ ತಾಗಿದಾಗ ಹೇಳಿ ಅಂದರು. ನಾನು ಕಾಯುತ್ತಾ ಕೂತೆ. ಇನ್ನೂ ಶುರುವೇ ಮಾಡಿಲ್ಲ ಅಂದುಕೊಂಡಿದ್ದೆ. ಕಣ್ಣು ಬಿಟ್ಟರೆ ಆಕೆ ಎರಡೂ ಪಾದ ಮುಗಿಸಿ ಕೈ ತೊಳೆಯುತ್ತಿದ್ದರು. ಆರು ವರ್ಷದ ಸಕ್ಕರೆ ಕಾಯಿಲೆ ಕಾಲಿನ ತನಕ ಇಳಿದಿದೆಯಂತೆ. ಬೆರಳು, ಅಂಗಾಲು ಎರಡರಲ್ಲೂ ಸ್ಪರ್ಶ ಇಲ್ಲ. ಬರಿಗಾಲಲ್ಲಿ ನಡೆಯಬಾರದು. ಗಾಯವಾಗಿ ಗೊತ್ತಾಗದೆ ಹೋದರೆ ಬೆರಳು ತೆಗೆಯಬೇಕಾಗಿ ಬರಬಹುದು. ದಿನಾ ಸಂಜೆ ಕಾಲು ನೋಡಿ ಬರೆದಿಡಬೇಕು, ತಿಂಗಳಿಗೊಮ್ಮೆ ತಂದು ತೋರಿಸಬೇಕು.

ಸಕ್ಕರೆ ಇರುವುದು ಹೆಂಡತಿ ಪ್ರಸನ್ನಲಕ್ಷ್ಮಿಗೆ, ಮಗಳು ನೇತ್ರಾಗೆ ಗೊತ್ತು. ಕಾಲು ಹೀಗಾಗಿರುವುದು ಯಾರಿಗೂ ಗೊತ್ತಿಲ್ಲ. ಮಡಕಶಿರದ ಬೀಗರಿಗಂತೂ ಯಾವುದೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಮಾರ್ಚಿನಲ್ಲಿ ಮದುವೆ. ಸಕ್ಕರೆ ರಕ್ತದಲ್ಲೇ ಬರುತ್ತದೆ ಅಂತ ಎಲ್ಲರ ಬಾಯಲ್ಲೂ ಇದೆ. ಇವತ್ತು ಅಪ್ಪನ ಕಾಲು, ನಾಳೆ ಮಗಳ ಕಾಲು ಅಂತ ಅವರು ಹಿಂದೆ ಸರಿದರೆ ನೇತ್ರಾ ಮುಖ ಹೇಗೆ ನೋಡಲಿ.

ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಪ್ರಸನ್ನಲಕ್ಷ್ಮಿಯ ಕೈಗನ್ನಡಿ ನೆಲದ ಮೇಲಿಟ್ಟು ಅಂಗಾಲು ನೋಡಿಕೊಂಡೆ. ಐವತ್ನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದ್ದು. ಅಷ್ಟೇನೂ ಚೆನ್ನಾಗಿಲ್ಲ.

ಎಡಗಾಲು ಸರಿ. ಬಲಗಾಲು ಸರಿ.

ಜನವರಿ 7, ಮಂಗಳವಾರ

ಎಡಗಾಲು ಸರಿ. ಬಲಗಾಲು ಸರಿ. ಬಚ್ಚಲಲ್ಲಿ ಇಷ್ಟು ಹೊತ್ತು ಏನು ಮಾಡಾಕತ್ತೀರಿ ಅಂತ ಪ್ರಸನ್ನಲಕ್ಷ್ಮಿ ಬಾಗಿಲು ಬಡಿದಳು. ಗಡ್ಡ ಅಂದೆ. ಬೆಳಿಗ್ಗೆಯೇ ಬೋಳಿಸಿಕೊಂಡಿದ್ದೆ ಅನ್ನುವುದು ಆಮೇಲೆ ನೆನಪಾಯಿತು.

ಜನವರಿ 12, ಭಾನುವಾರ

ಲಗ್ನಪತ್ರಿಕೆಯ ಮಾತುಕತೆಗೆ ಮಡಕಶಿರಕ್ಕೆ ಹೋಗಿ ಬಂದೆವು. ಕಲ್ಯಾಣದುರ್ಗ, ಪಾವಗಡ ದಾಟಿ ಅಷ್ಟು ದೂರ ಬಸ್ಸಿನಲ್ಲಿ ಕೂತು ಸೊಂಟ ಹಿಡಿದಿದೆ.

ಬೀಗರು ದೊಡ್ಡತಿಮ್ಮಪ್ಪ ರೇಷ್ಮೆ ಹುಳು ಸಾಕುವವರು. ಅರವತ್ತು ವರ್ಷ, ಆಳು ಬಿದಿರಿನ ಗಳು. ಹುಡುಗ ರವಿತೇಜ ಗ್ರಾಮ ಸಚಿವಾಲಯದಲ್ಲಿ ಸರ್ವೇಯರ್. ಅವನಿಗೂ ನೇತ್ರಾಗೂ ಬೆಟ್ಟದ ಹುಚ್ಚು. ರತ್ನಗಿರಿ ಕೋಟೆ ಹತ್ತುವಾಗಲೇ ಪರಿಚಯವಾದವರು. ಶಾಲೆಯಲ್ಲಿ ಗಣಿತ ಹೇಳಿಕೊಡುವ ನಮ್ಮ ಮೇಡಂ ಭಾನುವಾರ ಬಂತೆಂದರೆ ಮೇಕೆಯಾಗುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಮೊದಲ ಲಗ್ನಪತ್ರಿಕೆ ಮಡಕಶಿರ ಬೆಟ್ಟದ ಮೇಲಿನ ಆಂಜನೇಯನಿಗೆ. ಗಂಡಿನ ಅಪ್ಪ, ಹೆಣ್ಣಿನ ಅಪ್ಪ ಇಬ್ಬರೂ ಒಂದೇ ಪತ್ರಿಕೆಯ ಎರಡು ತುದಿ ಹಿಡಿದು ಇಡಬೇಕು. ಬುಡದಿಂದ ಬರಿಗಾಲಲ್ಲೇ ಹತ್ತಬೇಕು. ಫೆಬ್ರವರಿ ಎಂಟು, ಶನಿವಾರ ಅಂತ ಗೊತ್ತು ಮಾಡಿದ್ದಾರೆ. ದೊಡ್ಡತಿಮ್ಮಪ್ಪನವರ ತಾಯಿ ಸಣ್ಣಕ್ಕ, ಎಂಬತ್ತು ದಾಟಿದ ಅಜ್ಜಿ, ಈ ಮನೆಯಲ್ಲಿ ಆ ಪದ್ಧತಿ ತಪ್ಪಿದ ಮದುವೆಯೇ ಇಲ್ಲ ಅಂದರು. ಹತ್ತುತ್ತೀರಾ ಅಂತ ದೊಡ್ಡತಿಮ್ಮಪ್ಪ ನನ್ನ ಹೊಟ್ಟೆ ನೋಡುತ್ತಾ ಕೇಳಿದರು. ರಾಯದುರ್ಗದಲ್ಲೂ ಬೆಟ್ಟ ಇದೆ, ನಾವು ಅದರ ಬುಡದಲ್ಲೇ ಹುಟ್ಟಿದವರು ಅಂತ ಹೇಳಿಬಿಟ್ಟೆ. ಅದನ್ನು ಕೊನೆಯ ಸಲ ಹತ್ತಿದ್ದು ಹತ್ತನೇ ಕ್ಲಾಸಿನಲ್ಲಿ ಅನ್ನುವುದನ್ನು ಹೇಳಲಿಲ್ಲ.

ಸಕ್ಕರೆ ಇಲ್ಲದವನ ಹಾಗೆ ಕಾಣಬೇಕಲ್ಲ, ಮೂರು ಒಬ್ಬಟ್ಟು ತಿಂದೆ. ಬೀಗರು ಐದು ತಿಂದರು. ಪ್ರಸನ್ನಲಕ್ಷ್ಮಿ ನನ್ನ ತೊಡೆಗೆ ಚಿವುಟಿದ ಜಾಗ ಇನ್ನೂ ಉರಿಯುತ್ತಿದೆ. ಅಲ್ಲಿ ಸ್ಪರ್ಶ ಚೆನ್ನಾಗಿಯೇ ಇದೆ.

ಊಟವಾದ ಮೇಲೆ ದೊಡ್ಡತಿಮ್ಮಪ್ಪ ಹುಳುಮನೆ ತೋರಿಸಿದರು. ಅಂಗಳದ ಚಪ್ಪಡಿ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ರವಿತೇಜ ಅದರ ಮೇಲೆ ಕುಣಿಯುತ್ತಾ ಓಡಿದ. ಬೀಗರು ಬರಿಗಾಲಲ್ಲಿ ಅದರ ಮೇಲೇ ನಿಂತು ಹಿಪ್ಪುನೇರಳೆ ಸೊಪ್ಪಿನ ವಿಷಯ ಹತ್ತು ನಿಮಿಷ ಮಾತಾಡಿದರು. ಅಂಥ ಕಾಲು ನನಗೆ ಯಾಕೆ ಕೊಡಲಿಲ್ಲ ದೇವರು ಅಂತ ಹೊಟ್ಟೆಕಿಚ್ಚಾಯಿತು.

ಎಡಗಾಲು ಸರಿ. ಬಲಗಾಲು ಸರಿ. ಇಪ್ಪತ್ತೇಳು ದಿನ ಇದೆ.

ಜನವರಿ 16, ಗುರುವಾರ

ಬಸ್ಸಿನಲ್ಲಿ ಬರುವಾಗಲೇ ಉಪಾಯ ಹೊಳೆದಿತ್ತು. ಚಪ್ಪಲಿ, ಬೂಟು ಬೇಡ ಅನ್ನುತ್ತಾರೆ, ಸರಿ. ಕಾಲುಚೀಲ ಬೇಡ ಅಂತ ಯಾರೂ ಹೇಳಿಲ್ಲವಲ್ಲ. ಯಾರಾದರೂ ಕೇಳಿದರೆ ಮುಳ್ಳು ಚುಚ್ಚಿ ನೋವಾಗಿದೆ ಅಂದರಾಯಿತು.

ಓಬಯ್ಯನ ಅಂಗಡಿಯಲ್ಲಿ ಸ್ಕೂಲು ಮಕ್ಕಳ ಹತ್ತಿ ಸಾಕ್ಸಿನ ದೊಡ್ಡ ಸೈಜು ತಂದೆ. ಈ ವಯಸ್ಸಿನಲ್ಲಿ ಯಾವ ಕ್ಲಾಸು ಮಾಸ್ಟರೇ ಅಂತ ಓಬಯ್ಯ ಕೇಳಿದ. ಬೆಳಿಗ್ಗೆ ಅದನ್ನು ಹಾಕಿಕೊಂಡು, ಮೇಲೆ ಬೂಟು ಹಾಕಿ ನಮ್ಮ ಬೆಟ್ಟ ಹತ್ತಿದೆ. ನೂರು ಮೆಟ್ಟಿಲಿಗೆ ಬೆವರು ಕುಡಿದು ಪಚಪಚ ಅನ್ನತೊಡಗಿತು. ಬೂಟಿನೊಳಗೆ ಕಾಲು ಜಾರುತ್ತಿತ್ತು. ಒದ್ದೆ ಆದದ್ದು ಗೊತ್ತಾದದ್ದೂ ಸದ್ದಿನಿಂದಲೇ, ಕಾಲಿನಿಂದ ಅಲ್ಲ. ಸಂಜೆ ನೇತ್ರಾ ಬಟ್ಟೆ ಒಣಗಿಸುವ ದಾರದ ಮೇಲೆ ಅದನ್ನು ನೋಡಿ ನಕ್ಕಳು.

“ಬೆಟ್ಟಕ್ಕ ಬರೇ ಹತ್ತಿದು ಆಗಂಗಿಲ್ಲಪ್ಪ, ಬೆವರು ಹಿಡಕೊಂಡು ಬೊಬ್ಬೆ ಬರ್ತಾವು. ಯಾಕ, ನೀನೂ ಟ್ರೆಕ್ಕಿಂಗ್ ಶುರು ಮಾಡಿಯೇನು?”

ಹೊಟ್ಟೆ ಕರಗಿಸಬೇಕು ಅಂದೆ. ಅವಳು ಖುಷಿಪಟ್ಟಳು. ಮಗಳಿಗೆ ಹೀಗೆ ಅರ್ಧ ಮಾತು ಹೇಳುವುದು ನನಗೆ ಹಿಡಿಸುತ್ತಿಲ್ಲ.

ಎರಡೂ ಕಾಲು ಸರಿ.

ಜನವರಿ 19, ಭಾನುವಾರ

ಉಣ್ಣೆಯ ಸಾಕ್ಸ್ ತರಿಸಿದೆ. ಅದನ್ನು ಹಾಕಿಕೊಂಡ ಅರ್ಧ ಗಂಟೆಯಲ್ಲಿ ಇಡೀ ಮನುಷ್ಯ ಬೇಯುತ್ತಾನೆ. ನಮ್ಮ ಅನಂತಪುರ ಜಿಲ್ಲೆಯ ಬಿಸಿಲಿಗೆ ಉಣ್ಣೆ ಹಾಕಿಕೊಳ್ಳುವವನ ತಲೆ ನೋಡಿಸಬೇಕು. ಅದರ ಎಲಾಸ್ಟಿಕ್ ಬೇರೆ ಮೀನಖಂಡಕ್ಕೆ ಬಳೆ ತೊಡಿಸಿದಂತೆ ಗುರುತು ಮಾಡಿದೆ. ಓಬಯ್ಯನಿಗೆ ವಾಪಸು ಕೊಟ್ಟೆ. ಅವನು ತನ್ನ ಮಾವನಿಗೆ ಕೊಡುತ್ತಾನಂತೆ. ಮಾವನ ಮೇಲೆ ಅವನಿಗೆ ಯಾವ ಸಿಟ್ಟೋ.

ಎರಡೂ ಕಾಲು ಸರಿ.

ಜನವರಿ 20, ಸೋಮವಾರ

ಮೂವತ್ತೊಂದು ವರ್ಷ ಜೀನ್ಸ್ ಪ್ಯಾಂಟು ಕತ್ತರಿಸಿದವನು ನಾನು. ರಾಯದುರ್ಗದ ಅರ್ಧ ಊರಿಗೆ ಹೊಲಿಗೆ ಕಲಿಸಿದವನು. ಅಂಗಡಿಯ ಸಾಕ್ಸಿಗಾಗಿ ಯಾಕೆ ಅಲೆಯಬೇಕು ಅಂತ ಇವತ್ತು ಬುದ್ಧಿ ಬಂತು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಹಿಗ್ಗುವ ನೀಲಿ ಬಟ್ಟೆಯ ತುಂಡು ತೆಗೆದು, ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ನಾನೇ ಹೊಲಿದೆ. ಬೆಟ್ಟಕ್ಕೆ ಹೋಗುವಂಥದ್ದು, ಕಿತ್ತುಹೋಗಬಾರದು ಅಂತ ಜೀನ್ಸಿಗೆ ಹಾಕುವ ಹಾಗೆ ಡಬಲ್ ಹೊಲಿಗೆ ಹಾಕಿದೆ. ಹೊರಗಿನಿಂದ ನೋಡಿದರೆ ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು. ಅಷ್ಟು ಸಫಾಯಿ. ಹೊಲಿಗೆ ಕಾಣಿಸಿದರೆ ಅವನು ಟೈಲರ್ರೇ ಅಲ್ಲ ಅಂತ ನಮ್ಮ ಗುರುಗಳು ಮುದ್ದಪ್ಪ ಮಾಸ್ಟರ್ ಬೆತ್ತ ಹಿಡಿದು ಕಲಿಸಿದ್ದರು. ಗಾಢ ನೀಲಿ, ಕೊಳೆಯೂ ಕಾಣುವುದಿಲ್ಲ.

ಇವತ್ತು ಬಹಳ ದಿನದ ಮೇಲೆ ಸಂತೋಷವಾಗಿದೆ.

ಜನವರಿ 22, ಬುಧವಾರ

ಬೆಳಿಗ್ಗೆ ನಮ್ಮ ಬೆಟ್ಟದ ಮೇಲಿನ ಮಂಟಪದ ತನಕ ಹತ್ತಿ ಬಂದೆ. ಸ್ವಲ್ಪವೂ ನೋವಿಲ್ಲ. ನನ್ನ ಸಾಕ್ಸಿಗೆ ನೂರಕ್ಕೆ ನೂರು. ಎರಡೂ ಕಾಲು ಸರಿ. (ಇವತ್ತು ಕನ್ನಡಿ ಇಡಲಿಲ್ಲ. ಸರಿಯಾಗಿಯೇ ಇರುತ್ತವೆ.)

ಜನವರಿ 23, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಜೀನ್ಸ್ ಹೊಲಿಯುವ ನಮ್ಮ ಊರಿನಲ್ಲಿ ಬಟ್ಟೆ ನೆನೆಹಾಕಿದ ನೀರು ನೀಲಿಯಾಗುವುದು ಹೊಸದಲ್ಲ. ಎಲ್ಲರ ಮನೆಯ ಬಕೆಟ್ಟೂ ನೀಲಿಯೇ. ಪ್ರಸನ್ನಲಕ್ಷ್ಮಿ ನನ್ನ ಸಾಕ್ಸ್ ನೆನೆಹಾಕಿ ಆಮೇಲೆ ಬಂದು ನೋಡಿದರೆ ನೀರು ಕಂದು. ಬಕೆಟ್ ಎತ್ತಿಕೊಂಡೇ ನಡುಮನೆಗೆ ಬಂದಳು.

“ರೀ, ಇದು ಬಣ್ಣ ಅಲ್ರಿ. ಕಾಲು ತೋರಿಸ್ರಿ.”

ತೋರಿಸುವುದಿಲ್ಲ ಅಂದೆ. ಅವಳು ಬಕೆಟ್ ಕೆಳಗಿಟ್ಟು, ನನ್ನ ಎದುರು ನೆಲದ ಮೇಲೆ ಕೂತು, ಬಲಗಾಲು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕಿರುಬೆರಳಿನ ಪಕ್ಕ ನನ್ನ ಡಬಲ್ ಹೊಲಿಗೆ ತಿಂದುಹಾಕಿತ್ತು. ಕಾಳುಮೆಣಸಿನಷ್ಟು ಅಗಲ ಚರ್ಮ ಹೋಗಿದೆ.

“ನಿಮ್ಗ ಗೊತ್ತಾಗ್ಲಿಲ್ಲೇನ್ರಿ?” ಅಂತ ಕೇಳಿದಳು. ಇಲ್ಲ ಅಂದೆ. ಎಷ್ಟು ದಿನದಿಂದ ಅಂದಳು. ಹೇಳಿದೆ, ಎಳೆ ಚುಚ್ಚಿದ್ದು, ಕನ್ನಡಿ, ಚಿಲಕ, ಗಡ್ಡ, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಅತ್ತಳು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 24, ಶುಕ್ರವಾರ

ಡಾಕ್ಟರಮ್ಮ ನನ್ನ ಡೈರಿ ನೋಡಿದರು. ಇಪ್ಪತ್ತೆರಡನೇ ತಾರೀಖಿನ ಆವರಣ ಚಿಹ್ನೆಯೊಳಗಿನ ಮಾತನ್ನು ನನ್ನಿಂದಲೇ ಓದಿಸಿ (ಅವರಿಗೆ ಓದಲು ಬರುವುದು ತೆಲುಗು) ತಿಳಿದುಕೊಂಡು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಪ್ಲಾಸ್ಟಿಕ್ ಚೀಲದಿಂದ ನನ್ನ ನೀಲಿ ಸಾಕ್ಸ್ ತೆಗೆದು, ಒಳಗೆ ಬೆರಳು ಹಾಕಿ, ಹೊಲಿಗೆಯ ಉಬ್ಬನ್ನು ನನ್ನ ಕೈಬೆರಳಿಗೆ ತಾಗಿಸಿದರು. ಕೈಗೆ ಗೊತ್ತಾಯಿತು. ಹಗ್ಗದ ಹಾಗಿತ್ತು.

“ನಲ್ಲವಿ ವದ್ದು. ತೆಲ್ಲವಿ ವೇಸುಕೋಂಡಿ. ರಕ್ತಂ ಕನಪಡಾಲಿ,” ಅಂದರು. ಕಪ್ಪು ಬೇಡ, ಬಿಳಿ ಹಾಕಿ, ರಕ್ತ ಬಂದರೆ ಕಾಣಬೇಕು ಅಂತ. ನಾನು ಕೊಳೆ ಕಾಣಬಾರದು ಅಂತ ನೀಲಿ ಹುಡುಕಿದವನು. ಗಾಯ ಚಿಕ್ಕದು, ಬೇಗ ನೋಡಿದ್ದೀರಿ, ಈ ಪುಣ್ಯ ನಿಮ್ಮ ಮನೆಯವರದ್ದು ಅಂದರು. ಗಾಯ ಪೂರ್ತಿ ಮುಚ್ಚುವ ತನಕ ಬೆಟ್ಟದ ಕಡೆ ತಲೆ ಹಾಕಬಾರದು. ಫೆಬ್ರವರಿ ಐದಕ್ಕೆ ಮತ್ತೆ ತೋರಿಸಬೇಕು. ಅವತ್ತೂ ಮುಚ್ಚಿಲ್ಲವೆಂದರೆ ಎಂಟನೇ ತಾರೀಖು ಮರೆತುಬಿಡಿ ಅಂದರು.

ಬೆಟ್ಟದ ಪದ್ಧತಿ, ಬರಿಗಾಲು, ಎಲ್ಲವನ್ನೂ ಪ್ರಸನ್ನಲಕ್ಷ್ಮಿಯೇ ಅವರಿಗೆ ಹೇಳಿದಳು. ನಾನಾಗಿದ್ದರೆ ಬೂಟು ಹಾಕಿಕೊಂಡು ಹೋಗುತ್ತೇನೆ ಅಂತ ಹೇಳಿ ಎದ್ದು ಬರುತ್ತಿದ್ದೆ.

ಜನವರಿ 27, ಸೋಮವಾರ

ಎಡಗಾಲು ಸರಿ. ಬಲಗಾಲಿನ ಗಾಯ ಒಣಗುತ್ತಿದೆ, ಅಂಚು ಕೆಂಪಿಲ್ಲ. (ಪ್ರಸನ್ನಲಕ್ಷ್ಮಿ ಹೇಳಿದ್ದು. ಕನ್ನಡಿಗಿಂತ ಅವಳ ಕಣ್ಣು ಚುರುಕು.)

ಬೀಗರಿಗೆ ಹೇಳಿಬಿಡೋಣ ಅಂದಳು. ಮದುವೆ ಆಗಲಿ ಅಂದೆ. ಆಮೇಲೆ ಹೇಳಿದರೆ ಮೋಸ ಆಗುತ್ತದೆ ಅಂದಳು. ಮೊದಲು ಹೇಳಿದರೆ ಮದುವೆಯೇ ಆಗುವುದಿಲ್ಲ ಅಂದೆ. ಮಾತು ಅಲ್ಲಿಗೆ ನಿಂತಿತು. ಕಾಲು ಮಾತ್ರ ಅವಳ ಮಡಿಲಲ್ಲೇ ಇತ್ತು, ಎಣ್ಣೆ ಹಚ್ಚಿ ಮುಗಿಸಿಯೇ ಎದ್ದಳು.

ಜನವರಿ 31, ಶುಕ್ರವಾರ

ಇವತ್ತು ಒಂದು ಸಂಗತಿ ಕಂಡುಹಿಡಿದೆ. ಓಬಯ್ಯನಲ್ಲಿ ಅರ್ಧ ಹತ್ತಿ, ಅರ್ಧ ನೈಲಾನಿನ ಬಿಳಿ ಸಾಕ್ಸ್ ಸಿಕ್ಕಿತು. ಬೆವರು ಹಿಡಿದಿಟ್ಟುಕೊಳ್ಳುವುದಿಲ್ಲ ಅಂತ ನೇತ್ರಾ ಆರಿಸಿಕೊಟ್ಟದ್ದು. (ಅವಳಿಗೆ ಪ್ರಸನ್ನಲಕ್ಷ್ಮಿ ಎಲ್ಲ ಹೇಳಿಬಿಟ್ಟಿದ್ದಾಳೆ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ನನಗಿಂತ ಹೆಚ್ಚು ಸಾಕ್ಸಿನ ವಿಚಾರ ತಿಳಿದುಕೊಂಡು ಬಂದಳು.) ಮೇಲಿನ ಎಲಾಸ್ಟಿಕ್ಕನ್ನು ನಾನು ಬಿಚ್ಚಿ ಸಡಿಲ ಮಾಡಿದೆ. ಆದರೆ ಬೆರಳಿನ ತುದಿಯಲ್ಲಿ ಒಂದು ಹೊಲಿಗೆ ಇದ್ದೇ ಇತ್ತು. ಅದನ್ನು ಒತ್ತಿ, ಇಸ್ತ್ರಿ ಮಾಡಿ, ಏನು ಮಾಡಿದರೂ ಉಬ್ಬು ಹೋಗಲಿಲ್ಲ.

ಕೊನೆಗೆ ಬೇಜಾರಾಗಿ ಸಾಕ್ಸನ್ನು ಒಳಹೊರಗು ಮಾಡಿ ಹಾಕಿಕೊಂಡೆ. ಅಷ್ಟೇ. ಒಳಗೆ ನುಣುಪು, ಹೊಲಿಗೆ ಹೊರಗೆ. ಮುದ್ದಪ್ಪ ಮಾಸ್ಟರ್ ಬದುಕಿದ್ದರೆ ಬೆತ್ತ ತೆಗೆಯುತ್ತಿದ್ದರು. ಮೂವತ್ತೊಂದು ವರ್ಷ ಹೊಲಿಗೆ ಒಳಗೆ ಅಡಗಿಸಿದವನಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತು.

ಅದರ ಮೇಲೆ ಹಾಕಿಕೊಳ್ಳಲು ಇನ್ನೊಂದು ಜೊತೆ ಸಡಿಲವಾದದ್ದು ತಂದು, ಅದನ್ನೂ ಉಲ್ಟಾ ಮಾಡಿ, ಅಡಿಗೆ ನಾಲ್ಕು ಪದರ ಜೀನ್ಸ್ ಬಟ್ಟೆಯ ಅಟ್ಟೆ ಹೊಲಿದೆ. ಇದೇ ಥರ ಇನ್ನೊಂದು ಸೆಟ್ಟು ಹೆಚ್ಚಿಗೆ ಮಾಡಿ ಚೀಲದಲ್ಲಿಟ್ಟೆ. ನಾಳೆ ಮನೆಯೊಳಗೆ ಓಡಾಡಿ ನೋಡಬೇಕು.

ಎಡಗಾಲು ಸರಿ. ಬಲಗಾಲು ಬಹುತೇಕ ಸರಿ.

ಫೆಬ್ರವರಿ 5, ಬುಧವಾರ

ಮುಚ್ಚಿದೆ! ಡಾಕ್ಟರಮ್ಮ ಉಲ್ಟಾ ಸಾಕ್ಸ್ ನೋಡಿ ನಕ್ಕರು, ಅಟ್ಟೆಯನ್ನು ಬಗ್ಗಿಸಿ ನೋಡಿ ಪರವಾಗಿಲ್ಲ ಅಂದರು. ಚಪ್ಪಲಿ ಇಲ್ಲದೆ ಹತ್ತುವುದೇ ಆದರೆ ಈ ಎರಡೂ ಜೊತೆ ಕಾಲಲ್ಲಿರಬೇಕು, ನಡುವೆ ಒಮ್ಮೆ ಕೂತು ಬಿಚ್ಚಿ ನೋಡಬೇಕು, ಬಿಳಿಯ ಮೇಲೆ ಒಂದು ಚುಕ್ಕೆ ಕಂಡರೂ ಅಲ್ಲಿಂದಲೇ ವಾಪಸು. ಒಪ್ಪಿಕೊಂಡೆ.

ಬೀಗರು ಕಾಲುಚೀಲ ಬಿಚ್ಚಿ ಅಂದರೆ ಏನು ಮಾಡುತ್ತೀರಿ ಅಂತ ಪ್ರಸನ್ನಲಕ್ಷ್ಮಿ ದಾರಿಯಲ್ಲಿ ಕೇಳಿದಳು. ಮುಳ್ಳು ಚುಚ್ಚಿದೆ ಅಂತ ಹೇಳುತ್ತೇನೆ ಅಂದೆ. ಅವಳು ಮುಂದೆ ಮುಂದೆ ನಡೆದಳು.

ಫೆಬ್ರವರಿ 9, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಮಡಕಶಿರದಲ್ಲಿ ಬೀಗರ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಏಳಕ್ಕೆ ಬೆಟ್ಟದ ಬುಡದಲ್ಲಿ ಸೇರಿದೆವು. ಎಲ್ಲರೂ ಚಪ್ಪಲಿ ಬಿಟ್ಟರು. ಸಣ್ಣಕ್ಕ ಹತ್ತುವುದಿಲ್ಲ, ಬುಡದ ಬೇವಿನ ಮರದ ಕೆಳಗೆ ಚಾಪೆ ಹಾಕಿಸಿಕೊಂಡು ಚಪ್ಪಲಿ ಕಾಯಲು ಕೂತರು. ನಾನು ಬೂಟು ಬಿಚ್ಚಿದೆ. ದೊಡ್ಡತಿಮ್ಮಪ್ಪ ನನ್ನ ಕಾಲು ನೋಡಿದರು, ಉಲ್ಟಾ ಹಾಕಿಕೊಂಡಿದ್ದೀರಿ ಬೀಗ್ರೆ ಅಂತ ನಕ್ಕರು. ರವಿತೇಜನೂ ನಕ್ಕ. ಆಮೇಲೆ ಅದನ್ನೂ ಬಿಚ್ಚಿಬಿಡಿ ಅಂದರು.

ಮುಳ್ಳಿನ ಮಾತು ನಾಲಗೆಯ ತುದಿಯಲ್ಲಿತ್ತು. ನೇತ್ರಾ ನನ್ನನ್ನೇ ನೋಡುತ್ತಿದ್ದಳು. ಪ್ರಸನ್ನಲಕ್ಷ್ಮಿ ಮಾತ್ರ ಬೆಟ್ಟ ನೋಡುತ್ತಿದ್ದಳು. ಯಾಕೋ ಸುಳ್ಳು ಹೇಳಲು ಬೇಸರವಾಯಿತು. ಆ ಸುಳ್ಳು ಹೊತ್ತುಕೊಂಡು ಮೇಲೆ ಹೋಗಿ ಆಂಜನೇಯನ ಮುಂದೆ ಬೇರೆ ನಿಲ್ಲಬೇಕು.

“ಬೀಗ್ರ, ನನಗ ಸಕ್ಕರಿ ಐತ್ರಿ,” ಅಂದೆ. “ಆರು ವರ್ಷ ಆತು. ಪಾದದಾಗ ಸ್ಪರ್ಶ ಇಲ್ಲ, ಮುಳ್ಳು ಚುಚ್ಚಿದ್ರೂ ಗೊತ್ತಾಗಂಗಿಲ್ಲ. ಹೇಳಿದ್ರ ಎಲ್ಲಿ ಸಂಬಂಧ ಬ್ಯಾಡ ಅಂತೀರೋ ಅಂತ ಮುಚ್ಚಿಟ್ಟಿದ್ದೆ. ತಪ್ಪಾತು.”

ದೊಡ್ಡತಿಮ್ಮಪ್ಪನವರ ನಗು ನಿಂತಿತು. ನನ್ನ ಕಾಲು ನೋಡಿದರು, ತಮ್ಮ ಕಾಲು ನೋಡಿಕೊಂಡರು, ಆಮೇಲೆ ತಾಯಿಯ ಕಡೆ ತಿರುಗಿದರು. ಸಣ್ಣಕ್ಕ ನನ್ನನ್ನು ಹತ್ತಿರ ಕರೆದು, ಬಗ್ಗಿ, ಕಾಲುಚೀಲವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಚರ್ಮ ಅಲ್ಲ, ರಬ್ಬರ್ ಅಲ್ಲ. ಬಟ್ಟೆ ತಾನೆ? ಮೈಗೆ ಬಟ್ಟೆ ಉಟ್ಕಂಡು ದೇವ್ರ ತಾವ ಹೋಗ್ತೀವಿ. ಇವ್ರು ಕಾಲಿಗೂ ಉಟ್ಕಂಡವ್ರೆ. ಹತ್ತಲಿ ಬಿಡು,” ಅಂದರು.

ದೊಡ್ಡತಿಮ್ಮಪ್ಪ ಬಿಸಿಲಾಗುತ್ತದೆ ಬನ್ನಿ ಅಂತ ಅಷ್ಟೇ ಹೇಳಿ ಮುಂದೆ ನಡೆದರು. ಮೇಲಿನ ತನಕ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಬೆಟ್ಟದ ಕೋಟೆಯ ಮೊದಲ ಬಾಗಿಲ ಹತ್ತಿರ ನಾನು ಕೂತು ಸಾಕ್ಸ್ ಬಿಚ್ಚಿದಾಗ ಪ್ರಸನ್ನಲಕ್ಷ್ಮಿ, ನೇತ್ರಾ ಒಂದೊಂದು ಕಾಲು ಹಂಚಿಕೊಂಡು ನೋಡಿದರು. ಬಿಳಿ ಬಿಳಿಯಾಗಿಯೇ ಇತ್ತು. ಬೀಗರು ದೂರದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಮುಗಿಯಿತು, ಇವರು ಮನಸ್ಸಿನಲ್ಲಿ ಸಂಬಂಧ ಬಿಟ್ಟಾಯಿತು ಅಂದುಕೊಂಡೆ. ಅವರ ಮೌನದ ಹಿಂದೆ ಹಿಂದೆ ಹತ್ತುವುದು ಬೆಟ್ಟಕ್ಕಿಂತ ಕಷ್ಟವಾಗಿತ್ತು.

ಬಂಡೆಯಲ್ಲಿ ಕೆತ್ತಿದ ಆಂಜನೇಯನ ಮುಂದೆ ಪತ್ರಿಕೆಯ ಒಂದು ತುದಿ ನಾನು, ಒಂದು ತುದಿ ಅವರು ಹಿಡಿದು ಇಟ್ಟೆವು.

ಇಳಿಯುವಾಗ ಅವರು ಮುಂದೆ, ನಾನು ಹಿಂದೆ. ಒಂದು ತಿಂಗಳಿಂದ ದಿನಾ ಸಂಜೆ ಕಾಲು ನೋಡಿ ನೋಡಿ ಅಭ್ಯಾಸವಾಗಿದೆ, ಕಣ್ಣು ತಾನಾಗಿ ಕೆಳಗೇ ಹೋಗುತ್ತದೆ. ಒಂದು ಮೆಟ್ಟಿಲ ಮೇಲೆ ಕೆಂಪು ಚುಕ್ಕೆ ಕಂಡಿತು. ಯಾರೋ ಕುಂಕುಮ ಚೆಲ್ಲಿದ್ದಾರೆ ಅಂದುಕೊಂಡೆ. ಒಂದು ಮೆಟ್ಟಿಲು ಬಿಟ್ಟು ಇನ್ನೊಂದು. ಮತ್ತೆ ಒಂದು ಬಿಟ್ಟು ಇನ್ನೊಂದು. ಅವರ ಎಡಗಾಲು ಊರಿದ ಕಡೆಯೆಲ್ಲ ಇತ್ತು.

ನಿಲ್ಲಿ ಬೀಗರೇ ಅಂತ ಕೂಗಿದೆ. ಏನೂ ಆಗಿಲ್ಲ, ನಡೀರಿ ಅಂದರು. ಹೋಗಿ ಭುಜ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದೆ. ಹಿಮ್ಮಡಿಯಲ್ಲಿ ಬಾಟಲಿಯ ಗಾಜಿನ ಚೂರು ಹೊಕ್ಕು ಕೂತಿತ್ತು, ಬೆರಳಿನ ಉಗುರಷ್ಟು. ಅದನ್ನು ಅವರಿಗೆ ತೋರಿಸಿದರೆ ಬೇರೆ ಯಾರದೋ ಕಾಲಿನ ಹಾಗೆ ನೋಡಿದರು. ಅವರ ಕಾಲ್ಬೆರಳನ್ನು ಒತ್ತಿ, ಗೊತ್ತಾಗುತ್ತದಾ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು.

“ನೀವು ಕೆಳಗೆ ಹೇಳ್ದಾಗ್ಲಿಂದ ಅದೇ ಯೋಚ್ನೆ ಬೀಗ್ರೆ. ಮುಳ್ಳು ಚುಚ್ಚಿದ್ದು ಗೊತ್ತಾಗ್ದಿದ್ರೆ ಅದು ಕಾಯಿಲೆ ಅಂದ್ರಿ. ನಂಗೆ ನಾಕೈದು ವರ್ಷದಿಂದ ಗೊತ್ತಾಗಿಲ್ಲ. ಕಾಲು ಗಟ್ಟಿ ಅನ್ಕಂಡಿದ್ದೆ.”

ಕಾದ ಚಪ್ಪಡಿ ಕಲ್ಲಿನ ಮೇಲೆ ಅವರು ನಿಂತಿದ್ದು ನೆನಪಾಯಿತು. ಅದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವನು ನಾನು.

ನೇತ್ರಾ ನೀರಿನ ಬಾಟಲಿ ಕೊಟ್ಟಳು. ಚೂರನ್ನು ಆಸ್ಪತ್ರೆಯಲ್ಲೇ ತೆಗೆಯಲಿ, ಅಲ್ಲಾಡಿಸಬೇಡ ಅಂತ ಅವಳೇ ಹೇಳಿದಳು. ಸುತ್ತಲೂ ತೊಳೆದು, ಒರೆಸಿ, ಪ್ರಸನ್ನಲಕ್ಷ್ಮಿಯ ಕರವಸ್ತ್ರ ಸುತ್ತಿ, ನನ್ನ ಚೀಲದಲ್ಲಿದ್ದ ಹೆಚ್ಚಿನ ಸೆಟ್ಟು ತೆಗೆದು ಎರಡೂ ಕಾಲಿಗೆ ನಾನೇ ಹಾಕಿದೆ. ಹೊಲಿಗೆ ಹೊರಗೆ ಬರುವ ಹಾಗೆ. ಧಾರೆಯ ದಿನ ಅಳಿಯನ ಕಾಲು ತೊಳೆಯಬೇಕಾದವನು, ಒಂದು ತಿಂಗಳು ಮೊದಲೇ ಬೀಗರ ಕಾಲು ತೊಳೆದೆ. ಅವರು ಬೇಡ ಬೇಡ ಅಂತ ಕಾಲು ಎಳೆದುಕೊಳ್ಳುತ್ತಿದ್ದರು. ಸುಮ್ಮನೆ ಕೂರಿ, ನನಗೂ ಮೊದಮೊದಲು ಹೀಗೇ ಆಗಿತ್ತು, ಅಭ್ಯಾಸವಾಗುತ್ತದೆ ಅಂದೆ.

ಒಂದು ಕಡೆ ರವಿತೇಜ, ಇನ್ನೊಂದು ಕಡೆ ನಾನು ಹಿಡಿದು, ಎಡಗಾಲು ಊರಗೊಡದೆ ಇಳಿಸಿದೆವು. ಬುಡದಲ್ಲಿ ಸಣ್ಣಕ್ಕ ಇಬ್ಬರ ಕಾಲಿನ ಉಲ್ಟಾ ಸಾಕ್ಸ್ ನೋಡಿದರು. ರವಿತೇಜ ಆಗಿದ್ದನ್ನು ಹೇಳಿದ. ಅವರು ಮಗನ ತಲೆಗೆ ಒಂದು ಮೊಟಕಿ, ಸಂಬಂಧ ಸರಿಯಾಗಿಯೇ ಕೂಡಿಬಂದಿದೆ ಅಂದರು.

ಆಸ್ಪತ್ರೆಯಲ್ಲಿ ಚೂರು ತೆಗೆದು ಎರಡು ಹೊಲಿಗೆ ಹಾಕಿದರು. ಸಕ್ಕರೆ ಮುನ್ನೂರ ನಲವತ್ತು. ಹೊಲಿಗೆ ಹೇಗಿದೆ ನೋಡಿ ಮಾಸ್ಟರೇ ಅಂತ ಬೀಗರು ಕಾಲು ಚಾಚಿ ತೋರಿಸಿದರು. ನಮ್ಮ ಕಾರ್ಖಾನೆಯಲ್ಲಾದರೆ ಬಿಚ್ಚಿಸುತ್ತಿದ್ದೆ ಅಂದೆ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಇಬ್ಬರಿಗೂ ಒಬ್ಬಟ್ಟು ಸಿಗಲಿಲ್ಲ. ರಾಗಿ ಮುದ್ದೆ, ಬಸ್ಸಾರು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಫೆಬ್ರವರಿ 12, ಬುಧವಾರ. ರಾಯದುರ್ಗ

ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಮುಂದೆಯೇ ಕೂತು ಬೀಗರಿಗೆ ಮೂರು ಜೊತೆ ಸಿದ್ಧ ಮಾಡಿದೆ. ಹುಡುಗಿಯರು ಇದೇನು ಮಾಸ್ಟರೇ, ಹೊಲಿಗೆ ಹೊರಗೆ ಬಂತಲ್ಲ ಅಂತ ಕೇಳಿದರು. ಯಾಕೆ ಅಂತ ಹೇಳಿದೆ. ಓಬಯ್ಯನೂ ಬಂದು ಕೇಳಿಸಿಕೊಂಡು, ತನ್ನ ಮಾವನ ಕಾಲು ಒಮ್ಮೆ ನೋಡಬೇಕು ಅಂದುಕೊಂಡು ಹೋದ.

ಸಂಜೆ ಏಳಕ್ಕೆ ದೊಡ್ಡತಿಮ್ಮಪ್ಪ ಫೋನು ಮಾಡಿದರು. ಇದು ಮೂರನೇ ದಿನ. ಕಾಲು ನೋಡಿಕೊಂಡಿರಾ ಅಂತ ಕೇಳುತ್ತಾರೆ, ತಮ್ಮದನ್ನು ಹೇಳುತ್ತಾರೆ, ಇಟ್ಟುಬಿಡುತ್ತಾರೆ. ಡಾಕ್ಟರಮ್ಮ ನನ್ನೊಬ್ಬನದನ್ನು ಬರೆಯಿರಿ ಅಂದಿದ್ದರು. ಹಾಳೆಯಲ್ಲಿ ಜಾಗ ಇದೆ.

ನನ್ನ ಎಡಗಾಲು ಸರಿ. ನನ್ನ ಬಲಗಾಲು ಸರಿ. (ನೋಡಿದ್ದು ಪ್ರಸನ್ನಲಕ್ಷ್ಮಿ.)

ಬೀಗರ ಎಡಗಾಲು, ಹೊಲಿಗೆ ಒಣಗಿದೆ, ಕೀವಿಲ್ಲ. ಬೀಗರ ಬಲಗಾಲು ಸರಿ. (ನೋಡಿದ್ದು ಸಣ್ಣಕ್ಕ. ಕನ್ನಡಕ ಹಾಕಿಕೊಂಡು.)